ಕಪ್ಪೋ ಬಿಳಿಯೋ: ಸ್ಕೆಚ್‌ಬುಕ್ ತುಂಬಿಸಲು ಕಾವಿ ಕಲೆಯ ಪಾಠ

ಕಾರವಾರದಲ್ಲಿ ಇದ್ದುಕೊಂಡು 'ಬಿಡಿಸಲು ಏನೂ ಸಿಗುತ್ತಿಲ್ಲ' ಅಂದರೆ ಯಾರೂ ನಂಬುವುದಿಲ್ಲ. ಆದರೂ ಸ್ಕೆಚ್‌ಬುಕ್ ಖಾಲಿಯೇ ಇರುತ್ತದೆ, ಅಲ್ವಾ? ಕಾಳಿ ನದಿ, ಸದಾಶಿವಗಡದ ಗುಡ್ಡ, ಬೈತಖೋಲ್ ಬಂದರು ಎಲ್ಲ ಕಣ್ಣೆದುರೇ ಇದ್ದಾಗ ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ ಎಂದು ತೋಚದೆ ಕೈ ನಿಲ್ಲುತ್ತದೆ. ನನ್ನ ಕೈ ಈಗೀಗ ಓಡುತ್ತಿರುವುದು ಒಂದು ಕಟ್ಟುಪಾಡಿನಿಂದ: ಪುಟದಲ್ಲಿ ಎರಡೇ ಬಣ್ಣ, ನಡುವಿನದು ಬೇಡ.

ಇದು ಕಾವಿ ಕಲೆಯಿಂದ ಕಡ ತಂದದ್ದು. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಕೆಂಪು-ಬಿಳಿ ಚಿತ್ರಗಳಿವೆಯಲ್ಲ, ಅದೇ. (ನಿಧಾನವಾಗಿ ನೋಡಬೇಕಿದ್ದರೆ ಜಾತ್ರೆ ಇಲ್ಲದಾಗ ಹೋಗಿ.) ಗೋಡೆಗೆ ಸುಣ್ಣದ ಗಾರೆ ಹಚ್ಚುತ್ತಾರೆ. ಅದು ಹಸಿ ಇರುವಾಗಲೇ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು ತಿಕ್ಕಿ ನುಣುಪು ಮಾಡುತ್ತಾರೆ. ಆಮೇಲೆ ಮೊನಚಾದ ಕಡ್ಡಿಯಿಂದ ಗೀರಿ, ಬೇಡದ ಕೆಂಪನ್ನು ಕೆರೆದು ತೆಗೆಯುತ್ತಾರೆ. ಅಡಿಯ ಬಿಳಿ ಕಾಣುತ್ತದೆ, ಉಳಿದ ಕೆಂಪು ಚಿತ್ರವಾಗುತ್ತದೆ.

ಮನೆಯಲ್ಲಿ ಮಾಡಲು 6ಬಿ ಪೆನ್ಸಿಲ್ ಸಾಕು. ಪುಟದ ತುಂಬ ಗೀಚಿ, ಹತ್ತಿಯಿಂದ ಉಜ್ಜಿ ಕಪ್ಪು ಮಾಡಿ. ರಬ್ಬರಿನ ಮೂಲೆಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿದರೆ ಅದೇ ನಿಮ್ಮ ಕಡ್ಡಿ.

ಇಲ್ಲಿಯವರೆಗೆ ಸಲೀಸು. ಎಲ್ಲಿ ಅಳಿಸಬೇಕು ಅನ್ನುವಲ್ಲೇ ತೊಡಕು. ಇದನ್ನು ಬಂಗಡೆ ಮೀನಿಟ್ಟುಕೊಂಡು ಹೇಳುತ್ತೇನೆ. ಸಾರಿಗೆ ಹೋಗುವ ಮೊದಲು ಒಂದನ್ನು ತಟ್ಟೆಯಲ್ಲಿಡಿ. ಬೆನ್ನು ಕಪ್ಪು, ಅದರ ಮೇಲೆ ಉದ್ದಕ್ಕೆ ಇನ್ನೂ ಕಪ್ಪು ಗೆರೆಗಳು. ಹೊಟ್ಟೆ ಬೆಳ್ಳಗೆ. ಬಾಲದ ಹತ್ತಿರ ಮೇಲೆ 5, ಕೆಳಗೆ 5 ಪುಟ್ಟ ರೆಕ್ಕೆಗಳು.

ರಬ್ಬರ್ ಹಿಡಿದ ಕೂಡಲೇ ಕೈ ಮೀನಿನ ಸುತ್ತ ಬಿಳಿ ಗೆರೆ ಎಳೆಯಲು ಹೋಗುತ್ತದೆ. ಅದನ್ನು ತಡೆಯಿರಿ. ಹೊಟ್ಟೆಯನ್ನಷ್ಟೇ ಅಳಿಸಿ. ಹಿಂದೆ ಕಪ್ಪು ಇರುವುದರಿಂದ ಹೊಟ್ಟೆಯ ಅಂಚು ತಾನಾಗಿಯೇ ಕಾಣುತ್ತದೆ, ಗೆರೆಯೇ ಬೇಕಿಲ್ಲ. ಆದರೆ ಬೆನ್ನು? ಬೆನ್ನೂ ಕಪ್ಪು, ಅದರ ಹಿಂದೂ ಕಪ್ಪು. ಮೀನಿನ ಮೇಲರ್ಧ ಮಾಯ! ಈಗ ಬೆನ್ನನ್ನು ಮುಟ್ಟಬೇಡಿ, ಬೆನ್ನಿನ ಆಚೆ ಇರುವ ಖಾಲಿ ಜಾಗವನ್ನು ಅಳಿಸಿ. ಅಂದರೆ ಮೀನಿನ ಮೇಲ್ಗಡೆ ಹಿನ್ನೆಲೆ ಬಿಳಿ, ಕೆಳಗಡೆ ಹಿನ್ನೆಲೆ ಕಪ್ಪು. ಒಂದೇ ಹಿನ್ನೆಲೆಗೆ ಎರಡು ಬಣ್ಣ ಇರಬಹುದು ಅನ್ನುವುದು ತಲೆಗೆ ಇಳಿಯಲು ಹೊತ್ತು ಬೇಕು. ಮತ್ತೊಮ್ಮೆ ಹೇಳುತ್ತೇನೆ: ಎರಡು ಬಣ್ಣ ತಾಗುವ ಕಡೆ ಅಂಚು ಹುಟ್ಟುತ್ತದೆ, ಒಂದೇ ಬಣ್ಣ ಇರುವ ಕಡೆ ಅಂಚು ಕಳೆದುಹೋಗುತ್ತದೆ.

ಇನ್ನೊಂದು ಗಂಟು ಉಳಿಯಿತು. ಮೇಲಿನ ಬಿಳಿ ಕೆಳಗಿನ ಕಪ್ಪಾಗುವುದು ಎಲ್ಲಿ? ಬಾಯಿಯ ತುದಿ, ಬಾಲದ ತುದಿ. ಅಲ್ಲಿ ಸುಮ್ನೆ ಬದಲಾಯಿಸಿದರೆ ಒರಟಾಗಿ ಕಾಣುತ್ತದೆ, ಏನಾದರೊಂದು ನೆಪ ಬೇಕು. ಮೀನಿನ ಹಿಂದೆ ಬಾಳೆ ಎಲೆಯ ಅಂಚು ಅಡ್ಡಲಾಗಿ ಹಾದುಹೋಗುವಂತೆ ಇಟ್ಟರೆ ಆಯಿತು. ಅಂಚಿನ ಮೇಲೆ ಬಿಳಿ, ಕೆಳಗೆ ಕಪ್ಪು.

ಇದು ಗೊತ್ತಾದ ಮೇಲೆ ಬಂದರಿಗೆ ಹೋದರೆ ಬೋಟುಗಳೆಲ್ಲ ಹೀಗೇ ಕಾಣುತ್ತವೆ. ಬಿಳಿ ಬಳಿದ ಕ್ಯಾಬಿನ್ ಗುಡ್ಡದ ಕಪ್ಪಿನ ಮುಂದೆ, ಕೆಳಗಿನ ಕಪ್ಪು ಮೈ ಹೊಳೆಯುವ ನೀರಿನ ಮುಂದೆ. ಗೊಂದಲವಾದರೆ ಕಣ್ಣು ಅರ್ಧ ಮುಚ್ಚಿ ನೋಡಿ, ನಡುವಿನ ಬಣ್ಣಗಳು ಕರಗುತ್ತವೆ. ಸೋಮಾರಿಗಳಿಗೆ ಮೊಬೈಲ್: ಫೋಟೋವನ್ನು ಕಪ್ಪು-ಬಿಳುಪು ಮಾಡಿ ಕಾಂಟ್ರಾಸ್ಟ್ ಪೂರ್ತಿ ಏರಿಸಿ. ಚಿತ್ರ ಕಲಿಸುವವರು ಇದಕ್ಕೆ ಮೂಗು ಮುರಿಯುತ್ತಾರೆ, ನಾನು ಬಿಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವುದರಿಂದ ಬೋಟುಗಳು ದಡದಲ್ಲೇ ಇರುತ್ತವೆ. ಅರ್ಧ ಬಿಡಿಸಿದ ಬೋಟು ಸಮುದ್ರಕ್ಕೆ ಹೊರಟುಹೋಗುವ ಭಯವಿಲ್ಲ. ಆಗ ಕಾಗದ ತಂಪು ಹಿಡಿದಿರುತ್ತದೆ, ಜೋರಾಗಿ ಅಳಿಸಿದರೆ ಎಳೆ ಏಳುತ್ತದೆ. ಮೆಲ್ಲಗೆ ಒತ್ತಿ ಎತ್ತಿ.

ಉಳಿದವು ಚುಟುಕಾಗಿ. ಅಡಿಕೆ ತೋಟದಲ್ಲಿ ಮರ ಬಿಟ್ಟು ಮರಗಳ ನಡುವಿನ ಸಂದುಗಳನ್ನು ಬಿಡಿಸಿ. ಯಾಣದ ಬಂಡೆ ಮೊದಲೇ ಕಪ್ಪು, ಆಕಾಶ ಅಳಿಸಿದರೆ ಮುಗಿಯಿತು. ಆದರೆ ಭೈರವೇಶ್ವರ ಶಿಖರದ 120 ಮೀಟರ್ ಎತ್ತರ ಪುಟದಲ್ಲಿ ಗೊತ್ತಾಗಲು ಬುಡದಲ್ಲಿ ಇರುವೆಯಷ್ಟು ಚಿಕ್ಕ ಮನುಷ್ಯ ಬೇಕು.

ಹಾಳಾದ ಪುಟ ಹರಿಯಬೇಡಿ. ಕಾರವಾರದ ಬೀಚಿಗೆ ರವೀಂದ್ರನಾಥ ಟಾಗೋರರ ಹೆಸರಿದೆಯಲ್ಲ, ಅವರು ಚಿತ್ರಕಲೆಗೆ ಗಟ್ಟಿಯಾಗಿ ಇಳಿದದ್ದು 60 ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಒಂದಕ್ಕೊಂದು ಕೂಡಿಸಿ ವಿಚಿತ್ರ ಆಕಾರಗಳನ್ನು ಮಾಡುತ್ತಿದ್ದರು. ನಮ್ಮ ಹಾಳು ಪುಟದಲ್ಲಿ ಕಪ್ಪು ಹೇಗೂ ಇದೆ, ಅದನ್ನೇ ಪೂರ್ತಿ ಕಪ್ಪು ಮಾಡಿ ಮತ್ತೆ ಅಳಿಸಲು ಶುರುಮಾಡಬಹುದು.

ಮುಗಿದ ಪುಟದ ಮೇಲೆ ಬಟರ್ ಪೇಪರ್ ಇಡಿ. ಇಲ್ಲದಿದ್ದರೆ ಬಂಗಡೆ ಎದುರು ಪುಟಕ್ಕೂ ಅಂಟುತ್ತದೆ.