ಒಂದು ಫ್ರೇಮಿಗೆ ಎಷ್ಟು ಸ್ಯಾಂಪಲ್?

ವಿಡಿಯೋ ಕೆಲಸದ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇಂಪೋರ್ಟ್ ಒತ್ತಿದ ಕೂಡಲೇ ಹಾಡು ಪ್ರಾಜೆಕ್ಟಿನ ಒಳಗೆ ಹೋಗಿ ಕೂತಿತು ಅಂತ ಎಷ್ಟೋ ಜನ ನಂಬಿದ್ದಾರೆ. ಇಲ್ಲ ಸ್ವಾಮಿ, ಒಳಗೆ ಹೋಗಿದ್ದು ಬರೀ ವಿಳಾಸ. ಫೈಲು ಇದ್ದಲ್ಲೇ ಇರುತ್ತದೆ. ಡೌನ್‌ಲೋಡ್ ಫೋಲ್ಡರ್ ಗುಡಿಸುವ ಹುಮ್ಮಸ್ಸಿನಲ್ಲಿ ಒಂದು ವಿಡಿಯೋ ಅಳಿಸಿ ನೋಡಿ, ಮಾರನೇ ದಿನ ಅದರ ಜಾಗದಲ್ಲಿ ಬಣ್ಣದ ಪಟ್ಟೆಗಳು ನಿಂತಿರುತ್ತವೆ. ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಆಮೇಲೆ ಇಂಪೋರ್ಟ್ ಮಾಡಿ. ಅದು ಅಷ್ಟೇ.

ನನಗೆ ಸಿಟ್ಟು ಬರುವುದು ತುಟಿಗೂ ಸದ್ದಿಗೂ ತಾಳ ತಪ್ಪಿದಾಗ ಹೇಳುವ ಇನ್ನೊಂದು ಮಾತಿಗೆ: "ಧ್ವನಿ ತಾನಾಗೇ ಜಾರಿಹೋಯ್ತು." ತಾನಾಗೇ ಏನೂ ಜಾರುವುದಿಲ್ಲ!

ವೇವ್ ಫೈಲಿನಲ್ಲಿ ಧ್ವನಿ ಅಂತ ಇರುವುದು ಅಂಕಿಗಳ ಉದ್ದನೆಯ ಸಾಲು (ಒಂದೊಂದು ಅಂಕಿಯೂ ಒಂದು ಸ್ಯಾಂಪಲ್), ಅದರ ತಲೆಯ ಮೇಲೊಂದು ಚೀಟಿ. ಸಾಮಾನ್ಯ ವೇವ್ ಫೈಲಿನಲ್ಲಿ ಈ ಚೀಟಿ 44 ಬೈಟ್ ಉದ್ದ. ಮೊದಲ 24 ಬೈಟ್ ದಾಟಿದರೆ ಸಿಗುವ ನಾಲ್ಕು ಬೈಟ್‌ಗಳಲ್ಲಿ, ಸೆಕೆಂಡಿಗೆ ಎಷ್ಟು ಅಂಕಿ ಓದಬೇಕು ಅಂತ ಬರೆದಿರುತ್ತದೆ. ಮಣಿಸರ ಇದ್ದ ಹಾಗೆ: ಮಣಿಗಳು ಅವೇ, ಎಷ್ಟು ಬೇಗ ಎಣಿಸುತ್ತೀರಿ ಅನ್ನುವುದೇ ಪ್ರಶ್ನೆ. ಅಥವಾ ಬಟ್ಟೆ ಅದೇ, ಅಳೆದ ಮೊಳ ಯಾರದ್ದು? 44,100 ಅಂತ ಇರಬೇಕಾದಲ್ಲಿ ತಪ್ಪಿ 48,000 ಅಂತಿದ್ದರೆ 60 ಸೆಕೆಂಡಿನ ಮಾತು 55 ಸೆಕೆಂಡಿಗೇ ಮುಗಿದುಬಿಡುತ್ತದೆ. ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರಿ, ಮಾತಾಡಿದವರಿಗೇ ಅದು ತಮ್ಮ ದನಿ ಅನ್ನಿಸುವುದಿಲ್ಲ.

ಈಗ ಮಜಾ ನೋಡಿ. ಸೆಕೆಂಡಿಗೆ 24 ಫ್ರೇಮಿನ, ಅಂದರೆ 24 ಬಿಡಿಚಿತ್ರಗಳ, ಟೈಮ್‌ಲೈನಿನಲ್ಲಿ 48,000ವನ್ನು ಭಾಗಿಸಿದರೆ ಫ್ರೇಮಿಗೆ ಸರಿಯಾಗಿ 2000 ಸ್ಯಾಂಪಲ್. 44,100ನ್ನು ಭಾಗಿಸಿದರೆ? 1837.5. ಅರ್ಧ ಸ್ಯಾಂಪಲ್ ಅನ್ನುವುದು ಲೋಕದಲ್ಲೇ ಇಲ್ಲ! ಒಂದು ಫ್ರೇಮಿಗೆ 1837, ಮುಂದಿನದಕ್ಕೆ 1838 ಅಂತ ಹಂಚಬೇಕು, ಇಲ್ಲವೇ ಇಡೀ ಸಾಲನ್ನು 48,000ದ ಲೆಕ್ಕದಲ್ಲಿ ಹೊಸದಾಗಿ ಬರೆಯಬೇಕು. ಇವತ್ತಿನ ಸಾಫ್ಟ್‌ವೇರುಗಳಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ. ಆದರೆ ಚೀಟಿಯೇ ಸುಳ್ಳು ಹೇಳಿದರೆ ಅವೇನು ಮಾಡಿಯಾವು?

ಹಾಗಾದರೆ 44,100 ಎಂಬ ಈ ವಕ್ರ ಸಂಖ್ಯೆ ಬಂದದ್ದೆಲ್ಲಿಂದ? ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ಅದನ್ನು ಸರಿಯಾಗಿ ಹಿಡಿಯಲು ಸೆಕೆಂಡಿಗೆ ಅದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಅಂಕಿ ಬೇಕು, ಸರಿ. ಉಳಿದದ್ದು ವಿಡಿಯೋ ಟೇಪಿನ ಕಥೆ. ಡಿಜಿಟಲ್ ಧ್ವನಿಯ ಶುರುವಿನಲ್ಲಿ ಅಷ್ಟೊಂದು ಅಂಕಿಗಳನ್ನು ತುಂಬಿಡಲು ಕೈಗೆ ಸಿಗುತ್ತಿದ್ದುದು ಅದೊಂದೇ. ಧ್ವನಿಯನ್ನು ಕಪ್ಪು ಬಿಳಿ ಚುಕ್ಕೆಗಳ ಚಿತ್ರ ಮಾಡಿ ಟೇಪಿಗೆ ಹಾಕುತ್ತಿದ್ದರು. ಆ ಚಿತ್ರದ ಒಂದು ಗೆರೆಗೆ 3 ಅಂಕಿ, 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿ: 44,100. ಸೆಕೆಂಡಿಗೆ 50 ಸಲದ ಟೀವಿ ಇದ್ದ ದೇಶಗಳಲ್ಲಿ 294 ಗೆರೆ. ಗುಣಿಸಿ: ಮತ್ತೆ ಅದೇ! 1982ರಲ್ಲಿ ಬಂದ ಸೀಡಿ ಇದನ್ನೇ ಹೊತ್ತು ತಂದಿತು. ಅಂದಹಾಗೆ 210ನ್ನು 210ರಿಂದ ಗುಣಿಸಿದರೂ ಇದೇ ಬರುತ್ತದೆ. ಸುಮ್ನೆ ಹೇಳಿದೆ, ನನಗೆ ಇಷ್ಟ.

ಎಂಪಿ3ಯನ್ನು ವೇವ್ ಮಾಡಿದರೆ ಗುಣಮಟ್ಟ ವಾಪಸ್ ಬರುತ್ತದೆ ಅನ್ನುವುದು ಇನ್ನೊಂದು ಮೂಢನಂಬಿಕೆ. ಫೈಲು ಚಿಕ್ಕದಾಗಲಿ ಅಂತ ಎಂಪಿ3 ಬಿಸಾಡಿದ್ದು ಬಿಸಾಡಿದ್ದೇ. ಆದರೂ ಇಂಪೋರ್ಟಿಗೆ ಮುಂಚೆ ವೇವ್ ಮಾಡಿಕೊಳ್ಳುವುದು ಒಳ್ಳೆಯದು. ಎಂಪಿ3 ಮಾಡುವಾಗ ತಲೆಯಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ. ವೇವ್ ಆದ ಮೇಲೆ ಅದು ಕಣ್ಣಿಗೇ ಕಾಣುತ್ತದೆ, ಕತ್ತರಿಸಿ ಹಾಕಬಹುದು.

ಚಿತ್ರಕ್ಕೂ ಇಂಥದೇ ಚೀಟಿ ಇದೆ. 1953ರಲ್ಲಿ ಅಮೆರಿಕ ಬಣ್ಣದ ಟೀವಿಯ ಪದ್ಧತಿಯನ್ನು ಒಪ್ಪಿಕೊಂಡಾಗ ಸೆಕೆಂಡಿನ 30 ಫ್ರೇಮನ್ನು ಸಾವಿರದಲ್ಲೊಂದು ಪಾಲು ಇಳಿಸಿದರು, ಅದೇ ಇವತ್ತಿನ 29.97. ಮೊನ್ನೆ ನಾನೇ ಇದರಲ್ಲಿ ಬಿದ್ದೆ. ಐದು ನಿಮಿಷದ ಸಂದರ್ಶನ, ಧ್ವನಿ ಬೇರೆ ರೆಕಾರ್ಡರಿನದು. ಇಂಥ ಕಡೆ ನಾನು ಪ, ಬ, ಮ ಹುಡುಕುತ್ತೇನೆ, ಯಾಕೆಂದರೆ ತುಟಿ ಮುಚ್ಚದೆ ಅವನ್ನು ಹೇಳಲಾಗದು. ಮೊದಲ "ನಮಸ್ಕಾರ"ದ ಮ ಕರಾರುವಾಕ್ಕಾಗಿ ಕೂತಿತ್ತು. ಕೊನೆಯ "ಅಪ್ಪ"ದಲ್ಲಿ ತುಟಿ ಮುಚ್ಚಿ ತೆರೆದು ಒಂಬತ್ತು ಫ್ರೇಮ್ ಆದ ಮೇಲೆ ಸದ್ದು! ಧ್ವನಿ 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಸಾಕು, ಕಣ್ಣಿಗೆ ಗೊತ್ತಾಗುತ್ತದೆ. ಇದು 300. ಇಂಟರ್‌ಪ್ರಿಟ್ ಫುಟೇಜ್ (ಚಿತ್ರವನ್ನು ಸೆಕೆಂಡಿಗೆ ಎಷ್ಟು ಫ್ರೇಮಿನಂತೆ ಓದಬೇಕು ಅಂತ ಹೇಳುವ ಕಿಟಕಿ) ತೆಗೆದು ನೋಡಿದರೆ 30 ಅಂತ ಇದೆ, ಯಾವಾಗಲೋ ನಾನೇ ಟೈಪ್ ಮಾಡಿದ್ದು. 29.97 ಹಾಕಿದೆ, ತುಟಿಯೂ ಸದ್ದೂ ಕೂಡಿಕೊಂಡವು.