ವೀಸಾದಲ್ಲಿ 35 ದಿನವೂ ಇದೆ, 20 ದಿನವೂ ಇದೆ: ಯಾವುದನ್ನು ನಂಬೋದು?

ಪ್ರಶ್ನೆ: ಮಗಳು ಮ್ಯೂನಿಕ್‌ನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಿಕೊಂಡು, ಹಾಗೇ ಸ್ವಿಟ್ಜರ್ಲೆಂಡ್, ಇಟಲಿ ಸುತ್ತಿಕೊಂಡು ಬರೋಣ ಅಂತ ನಾನೂ ನಮ್ಮ ಮನೆಯವರೂ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಮಾಡಿಸಿದ್ದೇವೆ. ವೀಸಾದಲ್ಲಿ ಮೇ 10ರಿಂದ ಜೂನ್ 13ರವರೆಗೆ ಅಂತ ಇದೆ. ಕೆಳಗೆ 20 ದಿನ ಅಂತಲೂ ಇದೆ. 35 ದಿನ ಇರಬಹುದಾ, ಇಲ್ಲ 20 ದಿನ ಮಾತ್ರಾನಾ?

ಉತ್ತರ: 20 ದಿನ ಮಾತ್ರ.

ಮೇಲಿನ ಎರಡು ತಾರೀಖುಗಳು ಹೇಳುವುದು ಇಷ್ಟೇ: ಮೇ 10ಕ್ಕಿಂತ ಮೊದಲು ಒಳಗೆ ಹೋಗುವಂತಿಲ್ಲ, ಜೂನ್ 13 ದಾಟಿ ಒಳಗಿರುವಂತಿಲ್ಲ. ಈ ನಡುವೆ ನೀವು ಎಷ್ಟು ದಿನ ಉಳಿಯಬಹುದು ಅನ್ನುವುದು ಕೆಳಗಿನ 20. ಜರ್ಮನಿ ಕೊಟ್ಟ ವೀಸಾ ಆದರೆ ಸ್ಟಿಕ್ಕರ್ ಮೇಲಿನ ಬರಹ ಜರ್ಮನ್‌ನಲ್ಲೇ ಇರುತ್ತದೆ. ಅಂಕಿಗಳನ್ನು ಸರಿಯಾಗಿ ನೋಡಿಕೊಂಡರೆ ಸಾಕು.

ಹಾಗಾದರೆ ಹೆಚ್ಚಿಗೆ 15 ದಿನ ಯಾಕೆ ಕೊಟ್ಟರು? ಷೆಂಗೆನ್ ವೀಸಾ ನಿಯಮದಲ್ಲೇ ಇದು ಇದೆ. ಟಿಕೆಟ್ ಹಿಂದೆ ಮುಂದೆ ಆದರೆ ಜನ ಮತ್ತೆ ವೀಸಾಕ್ಕೆ ಓಡಾಡಬಾರದು ಅಂತ ಸಾಮಾನ್ಯವಾಗಿ 15 ದಿನ ಸೇರಿಸಿ ಕೊಡುತ್ತಾರೆ. ಪ್ರವಾಸವನ್ನು ಜರುಗಿಸಲು ಜಾಗ ಇದೆ, ಹಿಗ್ಗಿಸಲು ಇಲ್ಲ.

ಈಗ ಲೆಕ್ಕ ಹಾಕೋಣ. ಮೇ 12ರ ಬೆಳಿಗ್ಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದಿರಿ ಅಂದುಕೊಳ್ಳಿ. ಅದೇ ಮೊದಲ ದಿನ. ಮೇ 31 ಇಪ್ಪತ್ತನೇ ದಿನ, ಅವತ್ತು ಹೊರಡಲೇಬೇಕು. ಒಂದು ವಾರ ತಡವಾಗಿ ಮೇ 19ಕ್ಕೆ ಹೋದರೆ ಜೂನ್ 7ರವರೆಗೆ ಇರಬಹುದು, ತೊಂದರೆ ಇಲ್ಲ. ಆದರೆ ಜೂನ್ 1ಕ್ಕೆ ಹೋದರೆ ಸಿಗುವುದು 13 ದಿನವೇ, ಯಾಕೆಂದರೆ ಜೂನ್ 13ಕ್ಕೆ ವೀಸಾ ಅವಧಿಯೇ ಮುಗಿಯುತ್ತದೆ.

ನಮ್ಮವರು ಎಡವುವುದು ಜಾಸ್ತಿ ಇಲ್ಲೇ: ಹೋಟೆಲ್ ಬುಕ್ ಮಾಡುವಾಗ ರಾತ್ರಿಗಳನ್ನು ಎಣಿಸುತ್ತೇವೆ, ಇಮಿಗ್ರೇಷನ್‌ನವರು ದಿನಗಳನ್ನು ಎಣಿಸುತ್ತಾರೆ. ಇಳಿದ ದಿನವೂ ಒಂದು, ಹೊರಟ ದಿನವೂ ಒಂದು. 20 ರಾತ್ರಿಯ ಟೂರ್ ಅಂದರೆ 21 ದಿನ ಆಯಿತು. ಒಂದೇ ದಿನ ತಾನೇ ಅಂತ ಸುಮ್ನೆ ಬಿಡಬೇಡಿ. ಬೆಂಗಳೂರಿನಿಂದ ಹೊರಟ ದಿನ, ಬೆಂಗಳೂರಿಗೆ ಬಂದಿಳಿದ ದಿನ ಈ ಲೆಕ್ಕಕ್ಕೆ ಬರುವುದಿಲ್ಲ. ಷೆಂಗೆನ್ ಗಡಿಯಲ್ಲಿ ಒಳಗೆ ಹೋದ ಮತ್ತು ಹೊರಗೆ ಬಂದ ತಾರೀಖುಗಳೇ ಮುಖ್ಯ.

ಆ ಗಡಿ ಎಲ್ಲಿ ಸಿಗುತ್ತದೆ? ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ರೋಮ್‌ಗೆ ಹೋಗುವುದಾದರೆ ಇಮಿಗ್ರೇಷನ್ ಫ್ರಾಂಕ್‌ಫರ್ಟ್‌ನಲ್ಲೇ. ದುಬೈ ಮೂಲಕ ಹೋದರೆ ರೋಮ್‌ನಲ್ಲಿ. ವಾಪಸ್ ಬರುವಾಗಲೂ ಹೀಗೇ, ಕೊನೆಯ ಷೆಂಗೆನ್ ನಿಲ್ದಾಣದಲ್ಲಿ. ಕೌಂಟರ್‌ನಲ್ಲಿ ರಿಟರ್ನ್ ಟಿಕೆಟ್, ಉಳಿಯುವ ಜಾಗ, ಖರ್ಚಿನ ಹಣ ಕೇಳಬಹುದು. ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕು ಅಂತೇನಿಲ್ಲ. ಈ ಕಾಗದಗಳು ಕೈಚೀಲದಲ್ಲಿರಲಿ, ಚೆಕ್‌ಇನ್ ಬ್ಯಾಗಿನಲ್ಲಿ ಅಲ್ಲ.

ಎಷ್ಟು ಸಲ ಒಳಗೆ ಹೋಗಬಹುದು ಅನ್ನುವ ಸಾಲನ್ನೂ ನೋಡಿ. ಅಲ್ಲಿ 01 ಅಂತಿದ್ದರೆ ಒಮ್ಮೆ ಹೊರಬಂದರೆ ಮುಗೀತು, ದಿನ ಉಳಿದಿದ್ದರೂ ಅಷ್ಟೇ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಷೆಂಗೆನ್‌ನಲ್ಲಿದೆ. ಹಾಗಾಗಿ ನಿಮಗೆ ಯೋಚನೆ ಬೇಡ. ಲಂಡನ್ ಹಾಗಲ್ಲ. ಬ್ರಿಟನ್ ವೀಸಾ ಬೇರೆ ಇದ್ದರೂ, ಪ್ಯಾರಿಸ್‌ನಲ್ಲಿ ಲಂಡನ್ ರೈಲು ಹತ್ತುವ ಮೊದಲೇ ಸ್ಟೇಷನ್ನಿನಲ್ಲಿ ನಿಮ್ಮ ಷೆಂಗೆನ್ ಎಕ್ಸಿಟ್ ಆಗಿಬಿಡುತ್ತದೆ.

ಒಂದೆರಡು ದಿನ ಜಾಸ್ತಿ ಇದ್ದರೆ ಯಾರಿಗೆ ಗೊತ್ತಾಗುತ್ತದೆ ಅಂತ ಕೆಲವರು ಧೈರ್ಯ ಹೇಳುತ್ತಾರೆ. ಆ ಧೈರ್ಯ ಬೇಡ. 2025ರ ಅಕ್ಟೋಬರ್ 12ರಿಂದ ಅಲ್ಲಿ ಮುದ್ರೆಯ ಬದಲು ಕಂಪ್ಯೂಟರ್ ದಾಖಲೆ ಹಂತ ಹಂತವಾಗಿ ಶುರುವಾಯಿತು. ಎಲ್ಲ ಗಡಿಗಳಲ್ಲೂ ಬರಲು ಇಟ್ಟ ಗಡುವು 2026ರ ಏಪ್ರಿಲ್ 10. ಉಳಿದ ದಿನಗಳ ಲೆಕ್ಕವನ್ನು ಅದೇ ಹಾಕುತ್ತದೆ. ಹೆಚ್ಚಿಗೆ ಉಳಿದದ್ದು ದಾಖಲಾದರೆ ಮುಂದಿನ ವೀಸಾಕ್ಕೆ ಕುತ್ತು, ದಂಡ ಅಥವಾ ಪ್ರವೇಶ ನಿಷೇಧವೂ ಆಗಬಹುದು.

ಆಸ್ಪತ್ರೆ ಸೇರಿದಿರಿ, ವಿಮಾನಗಳೇ ನಿಂತುಹೋದವು ಅಂದರೆ ಮಾತು ಬೇರೆ. 20 ದಿನ ಮುಗಿಯುವ ಮೊದಲೇ, ನೀವಿರುವ ಊರಿನ ವಿದೇಶಿಯರ ಕಚೇರಿಗೆ ದಾಖಲೆ ಸಮೇತ ಹೋಗಿ ವೀಸಾ ವಿಸ್ತರಣೆ ಕೇಳಿ. ಮಗಳಿಗೆ ಜರ್ಮನ್ ಬಂದರೆ ಜೊತೆಗೆ ಕರೆದುಕೊಂಡು ಹೋಗಿ, ಕೆಲಸ ಸಲೀಸು. ಇನ್ನೂ ನಾಲ್ಕು ಊರು ನೋಡಬೇಕಿತ್ತು ಅನ್ನುವ ಕಾರಣ ಅಲ್ಲಿ ನಡೆಯುವುದಿಲ್ಲ.

ಜಾಸ್ತಿ ದಿನ ಬೇಕಿದ್ದರೆ ಅರ್ಜಿಯಲ್ಲೇ ಕೇಳಬೇಕು. 2024ರ ಏಪ್ರಿಲ್‌ನಲ್ಲಿ ಭಾರತದಲ್ಲಿ ವಾಸಿಸುವ ಭಾರತೀಯರಿಗೆ ಒಂದು ಅನುಕೂಲ ಆಗಿದೆ. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ ಸಿಗಬಹುದು. ಅದರಲ್ಲೂ ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ.