ರೊಕ್ಕ ಹೋಗೇದ, ಆರ್ಡರ್ ಕಾಣವಲ್ದು

ಧಾರವಾಡದಲ್ಲಿರುವ ನಮ್ಮ ಅಕ್ಕ ಕೌದಿ ಹೊಲಿಸಿ ಮಾರುತ್ತಾಳೆ. ಹಳೆ ಸೀರೆ, ಹಳೆ ಧೋತರಗಳನ್ನು ಪದರು ಪದರಾಗಿ ಹಾಸಿ, ನಾಲ್ಕು ಜನ ಹೆಂಗಸರು ಕೂತು ಕೈಯಲ್ಲೇ ಹೊಲಿಯುತ್ತಾರೆ. ಒಂದು ಕೌದಿಗೆ ವಾರಗಟ್ಟಲೆ ಕೆಲಸ. ಅವಳಿಗೊಂದು ಸಣ್ಣ ಆನ್‌ಲೈನ್ ಅಂಗಡಿ ಮಾಡಿಕೊಟ್ಟವನು ನಾನು. ಒಂದು ಭಾನುವಾರ ಸಂಜೆ ಅವಳ ಫೋನ್ ಬಂತು. "ಏನಪಾ, ಇಬ್ಬರು ಫೋನ್ ಮಾಡ್ಯಾರ. ರೊಕ್ಕ ಹೋಗೇದ ಅಂತಾರ, ನಮ್ಮಲ್ಲಿ ಆರ್ಡರ್ ಕಾಣವಲ್ದು. ಅವರಿಗೆ ಏನ್ ಹೇಳ್ಲಿ?"

ಇಬ್ಬರದೂ ಒಂದೇ ದೂರು. ಇಬ್ಬರ ಪರದೆಯ ಮೇಲೂ ಒಂದೇ ಸಾಲು, "ಪಾವತಿ ವಿಫಲವಾಗಿದೆ". ಆದರೆ ಮರುದಿನ ಹುಡುಕುತ್ತಾ ಹೋದಾಗ ಗೊತ್ತಾಗಿದ್ದು, ಒಬ್ಬರ ಹಣ ಸುರಕ್ಷಿತವಾಗಿ, ಗ್ರಾಹಕರಿಂದ ಹಣ ಪಡೆದು ಅಂಗಡಿಗೆ ತಲುಪಿಸುವ ನಮ್ಮ ಪೇಮೆಂಟ್ ಗೇಟ್‌ವೇ ಖಾತೆಗೆ ಬಂದು ಕೂತಿತ್ತು, ಇನ್ನೊಬ್ಬರದು ಬ್ಯಾಂಕುಗಳ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಆನ್‌ಲೈನ್ ಪಾವತಿಯ ತೊಂದರೆಗಳನ್ನು ಬಿಡಿಸಲು ಕೂತವರು ಮೊದಲು ಒಂದು ವಿಷಯ ಹಿಡಿದುಕೊಳ್ಳಬೇಕು. ಇಲ್ಲಿ ಹಣ ಹೋಗುವ ದಾರಿ ಒಂದು, ಹಣ ಬಂತು ಅನ್ನೋ ಸುದ್ದಿ ಹೋಗುವ ದಾರಿ ಇನ್ನೊಂದು. ಗ್ರಾಹಕರ ಪರದೆಯ ಮೇಲೆ ಕಾಣೋದು ಸುದ್ದಿ ಮಾತ್ರ.

ಯುಪಿಐ ಶುರುವಾಗಿದ್ದು 2016ರ ಏಪ್ರಿಲ್‌ನಲ್ಲಿ. ಅದನ್ನು ನಡೆಸುವುದು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ. ನೀವು ಪಿನ್ ಒತ್ತಿದ ತಕ್ಷಣ ನಿಮ್ಮ ಕೋರಿಕೆ ಆಪ್‌ನಿಂದ ಆ ಆಪ್‌ನ ಜೊತೆಗಿರುವ ಬ್ಯಾಂಕಿಗೆ, ಅಲ್ಲಿಂದ ಎನ್‌ಪಿಸಿಐಗೆ, ಅಲ್ಲಿಂದ ನಿಮ್ಮ ಖಾತೆ ಇರುವ ಬ್ಯಾಂಕಿಗೆ ಹೋಗುತ್ತದೆ. ಆ ಬ್ಯಾಂಕ್ ಹಣ ಕಡಿತ ಮಾಡಿ "ಆಯ್ತು" ಅಂತ ಹೇಳುತ್ತದೆ. ಆಮೇಲೆ ಎನ್‌ಪಿಸಿಐ ಅಂಗಡಿಯ ಕಡೆಯ ಬ್ಯಾಂಕಿಗೆ ಜಮಾ ಮಾಡಲು ಹೇಳುತ್ತದೆ, ಆ ಬ್ಯಾಂಕೂ "ಆಯ್ತು" ಅನ್ನಬೇಕು. ಆಮೇಲೆ ಗೇಟ್‌ವೇಗೆ ಸುದ್ದಿ, ಗೇಟ್‌ವೇಯಿಂದ ನಮ್ಮ ಅಂಗಡಿಯ ಸರ್ವರಿಗೆ ಸುದ್ದಿ, ಗ್ರಾಹಕರ ಬ್ರೌಸರಿಗೆ ಸುದ್ದಿ. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ. ಇದರಲ್ಲಿ ಯಾವುದಾದರೂ ಒಂದು ಕೊಂಡಿ ಉತ್ತರ ಕೊಡದೆ ಸುಮ್ನೆ ಕೂತರೆ ಏನಾಗಬೇಕು?

ಇದು ತುಂಬಾ ಆಳವಾದ ಪ್ರಶ್ನೆ. ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ ಇಬ್ಬರು ಸೇನಾಪತಿಗಳ ಸಮಸ್ಯೆ ಅಂತ ಹೆಸರು. 1975ರಲ್ಲಿ ಮೂವರು ಸಂಶೋಧಕರು ಇದನ್ನು ಮೊದಲು ಬರೆದರು, 1978ರಲ್ಲಿ ಜಿಮ್ ಗ್ರೇ ಅನ್ನುವವರು ಅದಕ್ಕೆ ಈ ಹೆಸರು ಕೊಟ್ಟರು. ಬ್ಯಾಂಕ್ ವ್ಯವಹಾರದಂಥ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ತಪ್ಪಿಲ್ಲದೆ ನಡೆಸುವುದು ಹೇಗೆ ಅಂತ ಜೀವನಪೂರ್ತಿ ಯೋಚಿಸಿದವರು ಅವರು, 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. ಸಮಸ್ಯೆ ಹೀಗಿದೆ. ಎರಡು ಗುಡ್ಡಗಳ ಮೇಲೆ ಒಂದೇ ಪಕ್ಷದ ಎರಡು ದಂಡು, ನಡುವಿನ ಕಣಿವೆಯಲ್ಲಿ ಶತ್ರು. ಇಬ್ಬರೂ ಒಟ್ಟಿಗೆ ನುಗ್ಗಿದರೆ ಗೆಲುವು. ಮೊದಲನೆಯವನು "ನಾಳೆ ಬೆಳಿಗ್ಗೆ" ಅಂತ ಆಳನ್ನು ಕಳಿಸುತ್ತಾನೆ. ಆಳು ದಾರಿಯಲ್ಲಿ ಸಿಕ್ಕಿಬೀಳಬಹುದು. ಆದ್ದರಿಂದ "ತಲುಪಿತು" ಅನ್ನುವ ಉತ್ತರ ಬೇಕು. ಆದರೆ ಆ ಉತ್ತರ ತಲುಪಿತೋ ಇಲ್ಲವೋ ಅಂತ ಎರಡನೆಯವನಿಗೆ ಗೊತ್ತಾಗಬೇಕಲ್ವಾ? ಅದಕ್ಕೊಂದು ಉತ್ತರ, ಮತ್ತೆ ಅದಕ್ಕೊಂದು ಉತ್ತರ. ಎಷ್ಟು ಸಲ ಆಳು ಓಡಾಡಿದರೂ ಕೊನೆಯ ಆಳನ್ನು ಕಳಿಸಿದವನಿಗೆ ಅನುಮಾನ ಉಳಿದೇ ಉಳಿಯುತ್ತದೆ. ಸುದ್ದಿ ಕಳೆದುಹೋಗಬಲ್ಲ ದಾರಿಯಲ್ಲಿ ಇಬ್ಬರಿಗೂ ಪೂರ್ತಿ ಖಾತ್ರಿ ಸಿಗಲು ಸಾಧ್ಯವೇ ಇಲ್ಲ, ಇದನ್ನು ಗಣಿತದ ರೀತಿಯಲ್ಲೇ ಸಾಧಿಸಿ ತೋರಿಸಿದ್ದಾರೆ. ಎಷ್ಟು ಒಳ್ಳೆ ಸರ್ವರ್ ತಂದರೂ, ಎಷ್ಟು ಜಾಣ ಎಂಜಿನಿಯರ್ ಇದ್ದರೂ ಇದು ಬದಲಾಗೋದಿಲ್ಲ.

ಹಾಗಾಗಿ ಪಾವತಿಯಲ್ಲಿ "ಆಯ್ತು", "ಆಗಲಿಲ್ಲ" ಇವೆರಡರ ಜೊತೆ "ಇನ್ನೂ ಗೊತ್ತಿಲ್ಲ" ಅನ್ನುವ ಮೂರನೆಯ ಸ್ಥಿತಿಯೂ ಇದೆ. ನಾನು ಅಂಗಡಿ ಕಟ್ಟುವಾಗ ಆ ಮೂರನೆಯದಕ್ಕೆ ಜಾಗ ಇಟ್ಟಿರಲಿಲ್ಲ. ಹದಿನೈದು ನಿಮಿಷದಲ್ಲಿ ಸುದ್ದಿ ಬರದಿದ್ದರೆ ಆರ್ಡರನ್ನು ರದ್ದು ಮಾಡಿ "ವಿಫಲ" ಅಂತ ತೋರಿಸು, ಅಂತ ಬರೆದಿದ್ದೆ. ಇದು ತಪ್ಪು. ಎರಡು ಸಾವಿರದ ನಾನೂರು ರೂಪಾಯಿ ಕಡಿತವಾದ ಮೆಸೇಜು ಕೈಯಲ್ಲಿರುವವರಿಗೆ "ವಿಫಲ" ಅಂತ ಹೇಳಿದರೆ ಅವರು ಹೆದರುತ್ತಾರೆ, ಇಲ್ಲವೇ ಇನ್ನೊಂದು ಸಲ ಹಣ ಕಟ್ಟುತ್ತಾರೆ.

ಆ ಭಾನುವಾರದ ಎರಡನೆಯ ಗ್ರಾಹಕರದು ನಿಜವಾಗಿಯೂ "ಇನ್ನೂ ಗೊತ್ತಿಲ್ಲ" ಅನ್ನುವ ಕೇಸು. ಅವರ ಖಾತೆಯಿಂದ ಹಣ ಹೋಗಿತ್ತು, ಗೇಟ್‌ವೇಯಲ್ಲಿ ಅದರ ಸುಳಿವಿರಲಿಲ್ಲ. ಇಂಥದಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಒಂದು ನಿಯಮ ಮಾಡಿದೆ. ಅಂಗಡಿಗೆ ಯುಪಿಐ ಮೂಲಕ ಕಟ್ಟಿದ ಹಣ ಕಡಿತವಾಗಿ, ಅಂಗಡಿಗೆ ಖಾತ್ರಿ ಸಿಗದಿದ್ದರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಹಣ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಅದನ್ನು ಗ್ರಾಹಕರು ಕೇಳಬೇಕಾಗಿಲ್ಲ, ಬ್ಯಾಂಕೇ ತಾನಾಗಿ ಜಮಾ ಮಾಡಬೇಕು. ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ! ಅಕ್ಕ ಅವರಿಗೆ ಇದನ್ನೇ ಹೇಳಿದಳು, ಮೂರನೆಯ ದಿನ ಹಣ ವಾಪಸ್ ಬಂತು.

ಮೊದಲನೆಯ ಗ್ರಾಹಕರ ವಿಷಯ ಮಾತ್ರ ಪೂರ್ತಿ ನಮ್ಮ ಕಡೆಯ ತೊಂದರೆ. ಅದನ್ನು ಹುಡುಕಲು ನನಗೆ ಎರಡು ದಿನ ಹಿಡಿಯಿತು.

ಗೇಟ್‌ವೇಯಿಂದ ಅಂಗಡಿಗೆ ಸುದ್ದಿ ಬರುವ ದಾರಿ ಎರಡು. ಒಂದು ಗ್ರಾಹಕರ ಬ್ರೌಸರ್ ಮೂಲಕ, ಅಂದರೆ ಹಣ ಕಟ್ಟಿದ ಮೇಲೆ ಅವರು ನಮ್ಮ ಪುಟಕ್ಕೆ ವಾಪಸ್ ಬರುವುದು. ಇದನ್ನು ನಂಬಿಕೊಂಡು ಕೂರಬಾರದು. ಯುಪಿಐಯಲ್ಲಿ ಗ್ರಾಹಕರು ಬ್ರೌಸರ್ ಬಿಟ್ಟು ಬೇರೆ ಆಪ್‌ಗೆ ಹೋಗುತ್ತಾರೆ. ಮೆಮೊರಿ ಕಡಿಮೆ ಇರುವ ಫೋನಾದರೆ, ಅವರು ಪಿನ್ ಒತ್ತುವಷ್ಟರಲ್ಲಿ ಆಂಡ್ರಾಯ್ಡ್ ಹಿಂದಿನ ಬ್ರೌಸರನ್ನು ಮುಚ್ಚಿಬಿಟ್ಟಿರುತ್ತದೆ. ವಾಪಸ್ ಬಂದರೆ ಪುಟವೇ ಇಲ್ಲ. ಸಾಮಾಜಿಕ ಜಾಲತಾಣದ ಆಪ್ ಒಳಗೇ ತೆರೆಯುವ ಬ್ರೌಸರಿನದು ಇನ್ನೊಂದು ರಗಳೆ. ಯುಪಿಐ ಆಪ್ ತೆರೆಸುವ ಕೊಂಡಿ ಸಾಮಾನ್ಯ ವೆಬ್ ವಿಳಾಸವಲ್ಲ, ಅದು "ಯುಪಿಐ" ಅಂತಲೇ ಶುರುವಾಗುತ್ತದೆ. ಒಳಗಿನ ಬ್ರೌಸರಿಗೆ ಅದೇನು ಅಂತ ಗೊತ್ತಾಗದಿದ್ದರೆ ಪುಟ ಖಾಲಿಯಾಗಿ ನಿಲ್ಲುತ್ತದೆ. "ನಿಮ್ಮ ಸೈಟ್ ಕೆಟ್ಟಿದೆ" ಅಂತ ಯಾರಾದರೂ ಅಂದರೆ, ಕೊಂಡಿಯನ್ನು ಎಲ್ಲಿಂದ ಒತ್ತಿದಿರಿ ಅಂತ ಮೊದಲು ಕೇಳಿ.

ಎರಡನೆಯ ದಾರಿ ವೆಬ್‌ಹುಕ್. ಗೇಟ್‌ವೇಯ ಸರ್ವರ್ ನೇರವಾಗಿ ನಮ್ಮ ಸರ್ವರಿಗೆ "ಈ ಆರ್ಡರಿನ ಹಣ ಬಂತು" ಅಂತ ಚೀಟಿ ಕಳಿಸುತ್ತದೆ. ಗ್ರಾಹಕರ ಫೋನ್ ಆಫ್ ಆದರೂ ಚೀಟಿ ಬರುತ್ತದೆ. ಗಟ್ಟಿ ದಾರಿ ಇದೇ. ಆದರೆ ಚೀಟಿ ನಿಜವಾಗಿಯೂ ಗೇಟ್‌ವೇಯದ್ದೇ ಅಂತ ತಿಳಿಯುವುದು ಹೇಗೆ? ಯಾರು ಬೇಕಾದರೂ ಸುಳ್ಳು ಚೀಟಿ ಕಳಿಸಿ ಕೌದಿ ತರಿಸಿಕೊಳ್ಳಬಹುದಲ್ವಾ? ಅದಕ್ಕೆ ಚೀಟಿಯ ಜೊತೆ ಒಂದು ಸಹಿ ಇರುತ್ತದೆ. ಗೇಟ್‌ವೇಗೂ ನಮಗೂ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದವನ್ನೂ ಚೀಟಿಯ ಬರಹವನ್ನೂ ಸೇರಿಸಿ ಅರೆದು 64 ಅಕ್ಷರಗಳ ಒಂದು ಮುದ್ರೆ ತೆಗೆಯುತ್ತಾರೆ. ಈ ವಿಧಾನದ ಹೆಸರು ಎಚ್‌ಮ್ಯಾಕ್, ಮಿಹಿರ್ ಬೆಲ್ಲಾರೆ, ರಾನ್ ಕಾನೆಟ್ಟಿ, ಹ್ಯೂಗೋ ಕ್ರಾಚಿಕ್ ಮೂವರೂ ಸೇರಿ 1996ರಲ್ಲಿ ಮುಂದಿಟ್ಟಿದ್ದು. ನಾವೂ ಅದೇ ಲೆಕ್ಕ ಮಾಡಿ ನೋಡಬೇಕು. ಎರಡು ಮುದ್ರೆ ಒಂದೇ ಆದರೆ ಚೀಟಿ ನಿಜ. ಇದರ ಚೆಂದ ಏನೆಂದರೆ, ಬರಹದಲ್ಲಿ ಒಂದೇ ಒಂದು ಖಾಲಿ ಜಾಗ ಜಾಸ್ತಿಯಾದರೂ ಮುದ್ರೆ ಗುರುತೇ ಸಿಗದಷ್ಟು ಬದಲಾಗುತ್ತದೆ.

ನಮ್ಮ ಲಾಗ್, ಅಂದರೆ ಸರ್ವರ್ ಬರೆದಿಡುವ ದಾಖಲೆ, ನೋಡಿದರೆ ಚೀಟಿ ಬಂದಿತ್ತು, "ಸಹಿ ಹೊಂದಲಿಲ್ಲ" ಅಂತ ನಮ್ಮ ಸರ್ವರೇ ಅದನ್ನು ಎಸೆದಿತ್ತು. ಗೇಟ್‌ವೇ ಮತ್ತೆ ಮತ್ತೆ ಕಳಿಸಿತ್ತು, ನಾವು ಮತ್ತೆ ಮತ್ತೆ ಎಸೆದಿದ್ದೆವು. ವಿಚಿತ್ರ ಅಂದರೆ ಬೇರೆ ಆರ್ಡರುಗಳ ಚೀಟಿಗಳೆಲ್ಲ ಸರಿಯಾಗಿ ಒಳಗೆ ಬಂದಿದ್ದವು. ಗುಟ್ಟಿನ ಪದ ತಪ್ಪಿದ್ದರೆ ಎಲ್ಲವೂ ತಪ್ಪಬೇಕಿತ್ತು. ಇದೊಂದೇ ಯಾಕೆ? ಎರಡೂ ಥರದ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡಿತು: ಈ ಗ್ರಾಹಕರು ಸೂಚನೆಯ ಜಾಗದಲ್ಲಿ "ಕೆಂಪು ಅಂಚು ಇರಲಿ" ಅಂತ ಕನ್ನಡದಲ್ಲಿ ಬರೆದಿದ್ದರು. ಉಳಿದವರೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದರು, ಇಲ್ಲವೇ ಖಾಲಿ ಬಿಟ್ಟಿದ್ದರು.

ಆಗಿದ್ದೇನೆಂದರೆ, ಕನ್ನಡದ "ಕ" ಅಕ್ಷರವನ್ನು ಚೀಟಿಯಲ್ಲಿ ಎರಡು ಥರ ಬರೆಯಬಹುದು. ನೇರವಾಗಿ "ಕ" ಅಂತಲೇ ಬರೆಯಬಹುದು, ಅಥವಾ ಅದರ ಯೂನಿಕೋಡ್ ಸಂಖ್ಯೆಯನ್ನು, ಅಂದರೆ ಕಂಪ್ಯೂಟರಿನಲ್ಲಿ ಆ ಅಕ್ಷರಕ್ಕಿರುವ ಸಂಖ್ಯೆಯನ್ನು, ಒಂದು ಓರೆಗೆರೆಯ ಮುಂದೆ ಬರೆಯಬಹುದು. ಓದುವ ಕಂಪ್ಯೂಟರಿಗೆ ಎರಡೂ ಒಂದೇ. ಗೇಟ್‌ವೇ ಎರಡನೆಯ ಥರ ಬರೆದು, ಅದರ ಮೇಲೆ ಸಹಿ ಹಾಕಿ ಕಳಿಸುತ್ತಿತ್ತು. ನಮ್ಮ ಸರ್ವರ್ ಮೊದಲು ಚೀಟಿ ಬಿಚ್ಚಿ ಓದಿ, ಆಮೇಲೆ ಸಹಿ ನೋಡಲು ಅಂತ ಮತ್ತೆ ಬರೆಯುತ್ತಿತ್ತು, ಈ ಸಲ ನೇರ "ಕ" ಅಂತ. ಅರ್ಥ ಒಂದೇ, ಅಕ್ಷರ ಬೇರೆ, ಮುದ್ರೆ ಬೇರೆ. ಇಂಗ್ಲಿಷ್ ಅಕ್ಷರಗಳನ್ನು ಸಾಮಾನ್ಯವಾಗಿ ಎರಡೂ ಕಡೆ ನೇರವಾಗಿಯೇ ಬರೆಯುವುದರಿಂದ ಅವು ಪಾರಾಗಿದ್ದವು. ಸಹಿಯನ್ನು ಯಾವಾಗಲೂ ಬಂದ ಚೀಟಿಯ ಮೇಲೆಯೇ, ಬಿಚ್ಚುವ ಮೊದಲು, ಬೈಟ್ ಬೈಟಿಗೆ ಹಾಗೇ ಇಟ್ಟುಕೊಂಡು ನೋಡಬೇಕು. ಎರಡು ಸಾಲು ಬದಲಾಯಿಸಿದೆ, ಸರಿಹೋಯಿತು. ಕನ್ನಡದಲ್ಲಿ ಬರೆದವರಿಗೆ ಮಾತ್ರ ಆರ್ಡರ್ ಸಿಗುತ್ತಿರಲಿಲ್ಲ ಅನ್ನೋದು ನನಗೆ ಇವತ್ತಿಗೂ ಬೇಸರದ ವಿಷಯ. ಆನ್‌ಲೈನ್ ಅಂಗಡಿ ಕಟ್ಟುವ ಯಾರೇ ಆಗಲಿ, ಪರೀಕ್ಷೆ ಮಾಡುವಾಗ ಒಂದು ಆರ್ಡರನ್ನಾದರೂ ಪೂರ್ತಿ ಕನ್ನಡದಲ್ಲಿ ಹಾಕಿ ನೋಡಿ, ಒತ್ತಕ್ಷರ, ಅರ್ಕಾವತ್ತು ಎಲ್ಲ ಇರಲಿ.

ಒಂದೇ ಚೀಟಿ ಎರಡು ಸಲ ಬರೋದೂ ಉಂಟು. ನಾವು "ತಲುಪಿತು" ಅಂದ ಉತ್ತರ ದಾರಿಯಲ್ಲಿ ಕಳೆದರೆ ಗೇಟ್‌ವೇ ಮತ್ತೆ ಕಳಿಸುತ್ತದೆ, ಸೇನಾಪತಿಯ ಹಾಗೇ. ಆಗ ಎರಡು ಕೌದಿ ಪಾರ್ಸೆಲ್ ಆಗಬಾರದು. ಪ್ರತಿ ಆರ್ಡರಿಗೆ ಒಂದೇ ಗುರುತಿನ ಸಂಖ್ಯೆ ಇಟ್ಟು, "ಇದು ಆಗಲೇ ಮುಗಿದಿದೆಯಾ" ಅಂತ ನೋಡಿ ಮುಂದೆ ಹೋಗಬೇಕು. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವರು ಹೆಸರು ಆಗಲೇ ಪಟ್ಟಿಯಲ್ಲಿದೆಯಾ ಅಂತ ನೋಡುವುದಿಲ್ಲವೇ, ಹಾಗೆ.

ಅಂಗಡಿ ಶುರುಮಾಡಿದ ಮೊದಲ ವಾರದ ಇನ್ನೊಂದು ತಪ್ಪನ್ನೂ ಹೇಳಬೇಕು. ಬಹಳಷ್ಟು ಗೇಟ್‌ವೇಗಳು ಮೊತ್ತವನ್ನು ಪೈಸೆಯಲ್ಲಿ ಕೇಳುತ್ತವೆ. ನಾನು 2,400 ಅಂತ ಕಳಿಸಿದೆ, ಗ್ರಾಹಕರ ಪರದೆಯಲ್ಲಿ 24 ರೂಪಾಯಿ ಬಂತು. ಪೈಸೆ ಯಾಕೆ ಅಂದರೆ, ಕಂಪ್ಯೂಟರ್ ದಶಮಾಂಶಗಳನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ನಮಗೆ ಮೂರನೇ ಒಂದು ಭಾಗ 0.333 ಅಂತ ಮುಗಿಯದೆ ಹೋಗುವ ಹಾಗೆ, ಅದಕ್ಕೆ 0.1 ಮುಗಿಯುವುದಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ 19.99ನ್ನು 100ರಿಂದ ಗುಣಿಸಿದರೆ 1999 ಬರುವುದಿಲ್ಲ, 1998.9999999999998 ಬರುತ್ತದೆ. ದಶಮಾಂಶ ಕತ್ತರಿಸಿದರೆ ಒಂದು ಪೈಸೆ ಮಾಯ, ಆಮೇಲೆ ಮೊತ್ತ ಹೊಂದಲಿಲ್ಲ ಅಂತ ಪಾವತಿಯೇ ನಿಲ್ಲಬಹುದು. ಆದ್ದರಿಂದ ಲೆಕ್ಕವೆಲ್ಲ ಪೂರ್ಣ ಸಂಖ್ಯೆಯ ಪೈಸೆಯಲ್ಲೇ ಇರಲಿ, ರೂಪಾಯಿ ತೋರಿಸಲು ಮಾತ್ರ.

ಖಾತೆ ತೆರೆಯುವ ಹಂತದಲ್ಲೇ ಎಷ್ಟೋ ಜನ ಸೋತು ಬಿಟ್ಟುಬಿಡುತ್ತಾರೆ, ಅದರಲ್ಲೂ ಹೆಂಗಸರು. ಅಕ್ಕನ ಪ್ಯಾನ್ ಕಾರ್ಡಿನಲ್ಲಿ ತವರಿನ ಹೆಸರು, ಬ್ಯಾಂಕಿನಲ್ಲಿ ಗಂಡನ ಮನೆಯ ಹೆಸರು, ಅರ್ಜಿಯಲ್ಲಿ ಅಂಗಡಿಯ ಹೆಸರು. ಮೂರು ಸಲ ಅರ್ಜಿ ವಾಪಸ್ ಬಂತು. ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಬ್ಯಾಂಕ್ ಖಾತೆಯ ಸಂಖ್ಯೆ ತಪ್ಪಿದರೆ ಹಿಡಿಯುವ ಬೇರೆ ದಾರಿ ಕಡಿಮೆ. ಕಾರ್ಡ್ ನಂಬರಿನ ಕೊನೆಯ ಅಂಕಿ ಉಳಿದ ಅಂಕಿಗಳಿಂದ ಲೆಕ್ಕ ಮಾಡಿ ಬಂದದ್ದು. ಐಬಿಎಮ್‌ನ ಹಾನ್ಸ್ ಪೀಟರ್ ಲೂನ್ ಕಂಡುಹಿಡಿದ, 1960ರಲ್ಲಿ ಪೇಟೆಂಟ್ ಸಿಕ್ಕ ಸೂತ್ರ ಅದು, ಒಂದು ಅಂಕಿ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಬ್ಯಾಂಕ್ ಖಾತೆ ಸಂಖ್ಯೆಗಳಿಗೆ ಎಲ್ಲ ಬ್ಯಾಂಕುಗಳಿಗೂ ಸೇರಿದ ಅಂಥ ಒಂದೇ ವ್ಯವಸ್ಥೆ ಇಲ್ಲ, ಉದ್ದವೂ ಒಂದೊಂದು ಬ್ಯಾಂಕಿನದು ಒಂದೊಂದು. ಹಾಗಾಗಿ ಗೇಟ್‌ವೇ ಒಂದು ರೂಪಾಯಿ ಹಾಕಿ ನೋಡುತ್ತದೆ. ಅದು ಯಾರ ಹೆಸರಿನ ಖಾತೆಗೆ ಜಮಾ ಆಯಿತು ಅಂತ ಬ್ಯಾಂಕ್ ತಿಳಿಸುತ್ತದೆ, ಆ ಹೆಸರನ್ನು ಪ್ಯಾನ್ ಹೆಸರಿನ ಜೊತೆ ಹೋಲಿಸುತ್ತಾರೆ.

ಐಎಫ್‌ಎಸ್‌ಸಿ ಕೋಡನ್ನೂ, ಅಂದರೆ ಬ್ಯಾಂಕ್ ಶಾಖೆಯ ಗುರುತನ್ನೂ, ನೋಡಿಕೊಳ್ಳಿ. ಹನ್ನೊಂದು ಅಕ್ಷರಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ ಓ ಅಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಅದರ ಹಳೆ ಕೋಡುಗಳು 2021ರ ಜುಲೈ 1ರಿಂದ ನಿಂತುಹೋದವು. ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕುಗಳೂ ವಿಲೀನವಾದವೇ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇನ್ನೂ ಹಳೆ ಪಾಸ್‌ಬುಕ್ಕೇ ಇದೆ. ಅದನ್ನು ನೋಡಿ ಕೋಡ್ ತುಂಬಿದರೆ ಅರ್ಜಿ ಮುಂದೆ ಹೋಗುವುದಿಲ್ಲ.

ನಮ್ಮ ಅಂಗಡಿಯನ್ನು ಗುರುತಿಸಲು ಗೇಟ್‌ವೇ ಕೊಡುವ ಕೀಗಳಲ್ಲಿ ಪರೀಕ್ಷೆಯದು ಬೇರೆ, ನಿಜ ವ್ಯವಹಾರದ್ದು ಬೇರೆ. ಎಷ್ಟೋ ಗೇಟ್‌ವೇಗಳಲ್ಲಿ ವೆಬ್‌ಹುಕ್ ವಿಳಾಸವನ್ನೂ ಎರಡೂ ಕಡೆ ಬೇರೆ ಬೇರೆಯಾಗಿ ಬರೆಸಬೇಕು. ಕಾರ್ಡ್ ಪಾವತಿಯಲ್ಲಿ ಬ್ಯಾಂಕ್ ಒಪ್ಪಿದ ಮೇಲೆ ನಾವು ಗೇಟ್‌ವೇಗೆ "ಹಣ ತೆಗೆದುಕೋ" (ಕ್ಯಾಪ್ಚರ್) ಅಂತ ಹೇಳದಿದ್ದರೆ ಕೆಲವು ದಿನಗಳಲ್ಲಿ ಹಣ ಗ್ರಾಹಕರಿಗೇ ವಾಪಸ್ ಹೋಗುತ್ತದೆ. ಇದನ್ನು ತಾನಾಗಿಯೇ ಆಗುವಂತೆ ಸೆಟ್ಟಿಂಗ್‌ನಲ್ಲಿ ಇಟ್ಟುಬಿಡಿ.

ಈಗ ನಮ್ಮ ಅಂಗಡಿಯಲ್ಲಿ "ವಿಫಲ" ಅನ್ನುವ ಮಾತು ಸುಲಭಕ್ಕೆ ಬರುವುದಿಲ್ಲ. ಸುದ್ದಿ ಬರದಿದ್ದರೆ ಪರದೆಯ ಮೇಲೆ "ನಿಮ್ಮ ಬ್ಯಾಂಕಿನಿಂದ ಖಾತ್ರಿಗಾಗಿ ಕಾಯುತ್ತಿದ್ದೇವೆ, ಮತ್ತೆ ಹಣ ಕಟ್ಟಬೇಡಿ" ಅಂತ ಬರುತ್ತದೆ. ನಮ್ಮ ಸರ್ವರ್ ಚೀಟಿಗಾಗಿ ಸುಮ್ನೆ ಕಾಯದೆ, ಆಗಾಗ ತಾನೇ ಗೇಟ್‌ವೇಯನ್ನು ಕೇಳುತ್ತದೆ. ಅಷ್ಟಾದರೂ ಯಾರಾದರೂ ಫೋನ್ ಮಾಡಿದರೆ ಅಕ್ಕ ಅವರ ಹತ್ತಿರ ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುತ್ತಾಳೆ. ಪರದೆಯ ಚಿತ್ರಕ್ಕಿಂತ ಆ ಸಂಖ್ಯೆ ಮುಖ್ಯ, ಎರಡೂ ಕಡೆಯ ಬ್ಯಾಂಕುಗಳಲ್ಲಿ ಹಣವನ್ನು ಹುಡುಕುವುದು ಅದರಿಂದಲೇ. ಹೊಲಿಗೆ ಸಾಮಾನಿನ ಪಕ್ಕದಲ್ಲಿರುವ ಅವಳ ನೋಟ್‌ಬುಕ್ಕಿನಲ್ಲಿ ಪ್ರತಿ ಸಂಖ್ಯೆಯ ಮುಂದೆ ಎರಡು ತಾರೀಖುಗಳಿವೆ, ರೊಕ್ಕ ಹೋದದ್ದು ಒಂದು, ಅದು ಸಿಕ್ಕಿದ್ದು ಇನ್ನೊಂದು. ಕೆಂಪು ಅಂಚಿನ ಕೌದಿ ಆ ವಾರವೇ ಹೋಯಿತು.